ಹಳೇ ಜೀಪಿಗೆ ಹೊಂದುವ ಆಕ್ಸಲ್ ಯಾವುದು? ಹಲ್ಲು ಎಣಿಸಿ, ಆಮೇಲೆ ದುಡ್ಡು ಕೊಡಿ

ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸ ಸುತ್ತಿನ ತೋಟಗಳ ಶೆಡ್ಡುಗಳಲ್ಲಿ ಇವತ್ತಿಗೂ ಹಳೇ ಜೀಪುಗಳಿವೆ. ಕೆಲವು ಓಡುತ್ತವೆ, ಕೆಲವು ಕೋಳಿಗಳ ಪಾಲಾಗಿವೆ. ಹಿಂಬದಿಯ ಸೀಟು ಕಿತ್ತು, ತಗಡಿನ ತೊಟ್ಟಿ ಕೂರಿಸಿ ಪಿಕಪ್ ಮಾಡಿಕೊಂಡವೂ ಸಾಕಷ್ಟಿವೆ. ಗೊಬ್ಬರ, ನೆರಳಿನ ಮರದ ತುಂಡು, ಹಣ್ಣಿನ ಚೀಲ, ಮಳೆಗಾಲದಲ್ಲಿ ಜ್ವರ ಬಂದ ಆಳುಮಕ್ಕಳು, ಎಲ್ಲಕ್ಕೂ ಅದೇ ಗಾಡಿ. ಇಂಥದ್ದನ್ನು ಮತ್ತೆ ಎದ್ದು ನಿಲ್ಲಿಸಬೇಕೆಂಬ ಆಸೆ ಈಗ ಹಲವರಿಗಿದೆ. ಎಂಜಿನ್ ಕೆಲಸ ಹೇಗೋ ಆಗುತ್ತದೆ. ತಲೆನೋವು ಶುರುವಾಗುವುದು ಅದರ ಹಿಂದೆ: ಗೇರ್‌ಬಾಕ್ಸ್, ಫೋರ್‌ವೀಲ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಮುಂದಿನ ಮತ್ತು ಹಿಂದಿನ ಆಕ್ಸಲ್.

ಗುಜರಿಯಲ್ಲಿ ಕೇಳಿದರೆ "ಜೀಪಿಂದೇ ಸಾರ್, ಕೂತ್ಕೊಳ್ಳತ್ತೆ" ಅನ್ನುತ್ತಾರೆ. ಸುಳ್ಳಲ್ಲ, ಜೀಪಿನದೇ. ಆದರೆ ಯಾವ ಜೀಪಿನದು?

ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪನ್ನು ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದರು. ಮುಂದೆ ನಮ್ಮಲ್ಲಿ ಮನೆಮಾತಾದದ್ದು ಸಿಜೆ 3ಬಿ. ಪೆಟ್ರೋಲ್ ಎಂಜಿನ್, ಮೂರು ಗೇರಿನ ಟಿ-90 ಪೆಟ್ಟಿಗೆ, ಅದರ ಬೆನ್ನಿಗೆ ಸ್ಪೈಸರ್ 18 ಎಂಬ ಫೋರ್‌ವೀಲ್ ಬಾಕ್ಸ್, ಹಿಂದೆ ಡಾನಾ 44 ಜಾತಿಯ ಆಕ್ಸಲ್. ನಂತರ ಟ್ರಾಕ್ಟರ್ ವಂಶದ ಡೀಸೆಲ್ ಎಂಜಿನ್ ಬಂತು, ಪ್ಯೂಜೋ ಡೀಸೆಲ್ ಬಂತು, ನಾಲ್ಕು ಗೇರಿನ ಪೆಟ್ಟಿಗೆ ಬಂತು. ಹೊರಗಿನ ಮೂತಿ ಹೆಚ್ಚುಕಡಿಮೆ ಹಾಗೇ ಉಳಿಯಿತು, ಹೊಟ್ಟೆಯೊಳಗಿನ ಹಲ್ಲು ಬದಲಾಗುತ್ತ ಹೋಯಿತು. ಸಾಲದ್ದಕ್ಕೆ ಮಿಲಿಟರಿ ಹರಾಜಿನಲ್ಲಿ ಬಂದವು ಬೇರೆ. ಮೂವತ್ತು ನಲವತ್ತು ವರ್ಷದಲ್ಲಿ ಮೂರು ಜನ ಮಾಲೀಕರು, ಹತ್ತು ಜನ ಮೆಕ್ಯಾನಿಕ್ಕುಗಳ ಕೈ ದಾಟಿದ ಗಾಡಿಯಲ್ಲಿ ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿದ್ದು ಅಂತ ಆರ್‌ಸಿ ಪುಸ್ತಕ ಹೇಳುವುದಿಲ್ಲ.

ಮೊದಲು ತಿಳಿಯಬೇಕಾದ್ದು ಆಕ್ಸಲ್ಲಿನ ರೇಷ್ಯೋ, ಅಂದರೆ ಕ್ರೌನ್ ಮತ್ತು ಪಿನಿಯನ್ನಿನ ಹಲ್ಲಿನ ಲೆಕ್ಕ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಇದ್ದರೆ 5.38. ಪೆಟ್ರೋಲ್ ಸಿಜೆ 3ಬಿಯ ರೇಷ್ಯೋ ಇದು. 39ಕ್ಕೆ 8 ಆದರೆ 4.88. 47ಕ್ಕೆ 11 ಆದರೆ 4.27. 41ಕ್ಕೆ 11 ಆದರೆ 3.73. ಈ ನಾಲ್ಕೂ ಡಾನಾ 44ರಲ್ಲಿ ಉಂಟು, ಹೊರಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ರೇಷ್ಯೋ ಬದಲಾದರೆ ಏನಾಗತ್ತೆ? ಟಿ-90ರ ಮೊದಲ ಗೇರು 2.8, ಸ್ಪೈಸರ್ 18ರ ಲೋ 2.46. ಇದಕ್ಕೆ 5.38ನ್ನು ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಅದೇ ಗಾಡಿಗೆ 4.27ರ ಆಕ್ಸಲ್ ಹಾಕಿದರೆ 29. ಕಣದಿಂದ ತುಂಬಿದ ಚೀಲ ಹೇರಿಕೊಂಡು ಏರು ಹತ್ತುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಈ ಎಂಟು ಸುತ್ತಿನ ಬೆಲೆ ಗೊತ್ತಾಗುತ್ತದೆ. ಎಂಜಿನ್ ಹಿಡಿತ ಕಡಿಮೆಯಾದಷ್ಟೂ ಬ್ರೇಕಿನ ಮೇಲೆ ಭಾರ. ಇನ್ನೊಂದು ಮಗ್ಗುಲೂ ಇದೆ. 6.00-16 ಟಯರಿನಲ್ಲಿ, ಟಾಪ್ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ 5.38ರ ಗಾಡಿ ಸುಮಾರು 49 ಕಿ.ಮೀ. ವೇಗದಲ್ಲಿರುತ್ತದೆ, 4.27ರದು 62ರಲ್ಲಿ. ನಿಧಾನ ತಿರುಗುವ ಡೀಸೆಲ್ ಎಂಜಿನ್ನಿಗೆ 5.38 ಇಟ್ಟರೆ ಚಿಕ್ಕಮಗಳೂರಿಗೆ ಹೋಗುವಷ್ಟರಲ್ಲಿ ಕಿವಿ ಹೋಗುತ್ತದೆ. ತೋಟದೊಳಗೇ ದುಡಿಯುವ ಗಾಡಿಗೆ 5.38 ಅಥವಾ 4.88, ರಸ್ತೆಗೂ ಬೇಕು ಎನ್ನುವ ಡೀಸೆಲ್ಲಿಗೆ 4.27. ಇದು ನನ್ನ ಅಭಿಪ್ರಾಯ.

ಆಕ್ಸಲ್ ಬಿಚ್ಚದೆ ರೇಷ್ಯೋ ತಿಳಿಯುವ ದಾರಿ ಇದೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೂ ಮುಂದೂ ಕಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಬ್ಬರು ಶಾಫ್ಟ್ ಎಣಿಸಲಿ. ಒಂದು ಚಕ್ರ ನಿಂತಿರುವುದರಿಂದ ಲೆಕ್ಕ ಅರ್ಧ, 20 ಸುತ್ತು ಅಂದರೆ 10 ಸುತ್ತಿನ ಸಮ. ಶಾಫ್ಟ್ 54ರ ಹತ್ತಿರ ತಿರುಗಿದರೆ 5.38, 49ರ ಹತ್ತಿರ ಆದರೆ 4.88, 43 ಆಗುವ ಮೊದಲೇ ನಿಂತರೆ 4.27. ಮುಂದಿನ ಆಕ್ಸಲ್ಲಿಗೂ ಹೀಗೇ, ಫೋರ್‌ವೀಲ್ ಲಿವರ್ ಬಿಡಿಸಿಟ್ಟು. ಗುಜರಿಯಲ್ಲಿ ಬಿದ್ದಿರುವ ಬಿಡಿ ಆಕ್ಸಲ್ಲಾದರೆ ಹಿಂದಿನ ಮುಚ್ಚಳ ಬಿಚ್ಚಿಸಿ ಹಲ್ಲು ಎಣಿಸಿಯೇ ದುಡ್ಡು ಕೊಡಿ. ಹತ್ತು ಬೋಲ್ಟು ಬಿಚ್ಚಲು ಒಪ್ಪದ ಅಂಗಡಿಯಿಂದ ಎದ್ದು ಬರುವುದು ಒಳ್ಳೇದು.

ಮುಂದಿನದು ಹಿಂದಿನದು ಎರಡೂ ಒಂದೇ ರೇಷ್ಯೋ ಇರಲೇಬೇಕು. ನಮ್ಮ ಸುತ್ತಿನ ಒಂದು ತೋಟದಲ್ಲಿ ಹಿಂದಿನ ಆಕ್ಸಲ್ ಹೋಯಿತೆಂದು ಬೇರೆ ಗಾಡಿಯದನ್ನು ಕೂರಿಸಿದರು. ಹಿಂದೆ 4.88, ಮುಂದೆ ಹಳೇ 5.38. ಎರಡು ಚಕ್ರದಲ್ಲಿ ಚೆನ್ನಾಗೇ ಓಡಿತು, ಬೇಸಗೆ ಪೂರ್ತಿ ಯಾರಿಗೂ ಗೊತ್ತಾಗಲಿಲ್ಲ. ಜೂನ್ ಮಳೆಗೆ ಫೋರ್‌ವೀಲ್ ಹಾಕಿದಾಗ ಕಥೆ ಶುರು. ಹಿಂದಿನ ಚಕ್ರ 100 ಮೀಟರ್ ಹೋಗುವಾಗ ಮುಂದಿನದು 91 ಮೀಟರಿನಷ್ಟೇ ಉರುಳಲು ನೋಡುತ್ತದೆ. ಉಳಿದ 9 ಮೀಟರನ್ನು ಟಯರು ಜಾರಿಯೇ ತೀರಿಸಬೇಕು. ಕೆಸರಿನಲ್ಲಿ ಜಾರುತ್ತದೆ, ಕಲ್ಲು ಹಾಸಿದ ಏರಿನಲ್ಲಿ ಜಾರುವುದಿಲ್ಲ. ಆಗ ಒತ್ತಡವೆಲ್ಲ ಶಾಫ್ಟಿಗೆ, ಯು.ಜೆ. ಕ್ರಾಸಿಗೆ, ಫೋರ್‌ವೀಲ್ ಬಾಕ್ಸಿನ ಹಲ್ಲಿಗೆ. ಲಿವರ್ ವಾಪಸು ಬರಲಿಲ್ಲ, ಕೊನೆಗೆ ಕ್ರಾಸ್ ಮುರಿಯಿತು.

ಕ್ರಾಸ್ ಮುರಿದರೆ ಗಾಡಿ ನಿಂತೀತು ಅಷ್ಟೇ ತಾನೆ ಅಂದುಕೊಳ್ಳಬೇಡಿ. ವಿಲ್ಲಿಸ್ ಮಾದರಿಯ ಹಳೇ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಫೋರ್‌ವೀಲ್ ಬಾಕ್ಸಿನ ಹಿಂಬದಿಯ ಡ್ರಮ್ಮಿನಲ್ಲಿ. ಅದು ಹಿಡಿಯುವುದು ಶಾಫ್ಟನ್ನು. ಹಿಂದಿನ ಶಾಫ್ಟಿನ ಕ್ರಾಸ್ ಹೋಯಿತೋ, ಹಾಫ್ ಆಕ್ಸಲ್ ಮುರಿಯಿತೋ, ಹ್ಯಾಂಡ್‌ಬ್ರೇಕೂ ಹೋಯಿತು, ಎಂಜಿನ್ ಹಿಡಿತವೂ ಹೋಯಿತು. ಇಳಿಜಾರಿನಲ್ಲಿ ಉಳಿಯುವುದು ಕಾಲಿನ ಬ್ರೇಕ್ ಒಂದೇ. ಒಂದು ಹಿಂದಿನ ಚಕ್ರ ಜಾಕಿನಲ್ಲಿ ಎತ್ತಿದಾಗಲೂ ಅಷ್ಟೇ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಹುದು. ಹಾಗಾಗಿ ತೋಟದ ಜೀಪಿನಲ್ಲಿ ಎರಡು ಮರದ ಕಟ್ಟೆ ಯಾವಾಗಲೂ ಇರಲಿ.

ಇನ್ನು ಹಾಫ್ ಆಕ್ಸಲ್. ಹಳೇ ಹಿಂದಿನ ಆಕ್ಸಲ್ಲಿನಲ್ಲಿ ಚಕ್ರದ ಹಬ್ ಕೂತಿರುವುದು ಆಕ್ಸಲ್ ಕಂಬಿಯ ಓರೆ ತುದಿಯ ಮೇಲೆ, ಒಂದು ಕೀ ಮತ್ತು ದೊಡ್ಡ ನಟ್ಟಿನ ಆಧಾರದಲ್ಲಿ. ಕಂಬಿ ಅಲ್ಲಿ ತುಂಡಾದರೆ ಚಕ್ರ ಡ್ರಮ್ ಸಮೇತ ಕಳಚಿ ಹೋಗುತ್ತದೆ. ಬಿರುಕು ಸಾಮಾನ್ಯವಾಗಿ ಹುಟ್ಟುವುದು ಕೀ ಗಾಡಿಯ ಕೊನೆಯಲ್ಲಿ. ಹಬ್ ಬಿಚ್ಚಿದಾಗಲೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸೀಮೆಸುಣ್ಣ ಉಜ್ಜಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಗೆರೆಯಾಗಿ ಮೇಲೆ ಬರುತ್ತದೆ. ನಟ್ಟನ್ನು ಉದ್ದ ಪೈಪು ಹಾಕಿ ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಇನ್ನಷ್ಟು ಬಿಗಿ ಮಾಡಬೇಕು, ಸಡಿಲ ಮಾಡಿ ಕೂಡಿಸಬಾರದು. ಬೇರೆ ಕಂಬಿ ತರುವಾಗ ಒಳ ತುದಿಯ ಸ್ಪ್ಲೈನ್ ಎಣಿಸಿ. ಹಳೆಯವಕ್ಕೆ 10, ನಂತರದವಕ್ಕೆ 19. ಉದ್ದ ಸರಿಯಿದ್ದರೂ 19ರ ಡಿಫ್ರೆನ್ಸಿನೊಳಗೆ 10ರದು ಹೋಗುವುದಿಲ್ಲ. ಎಡಬಲದ ಉದ್ದವೂ ಬೇರೆ, ಯಾಕೆಂದರೆ ಈ ಜೀಪುಗಳ ಡಿಫ್ರೆನ್ಸ್ ಹೊಟ್ಟೆ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ನಡುವೆ ಹೊಟ್ಟೆ ಇರುವ ಬೇರೆ ಗಾಡಿಯ ಆಕ್ಸಲ್ ತಂದರೆ ಶಾಫ್ಟ್ ಓರೆಯಾಗಿ ಕ್ರಾಸ್ ಬೇಗ ಸವೆಯುತ್ತದೆ. ಅಂದಹಾಗೆ ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಎಡಮರೆ ಇರುತ್ತದೆ. ಗೊತ್ತಿಲ್ಲದ ಹುಡುಗರು ಪಾನೆಗೆ ನಿಂತು ಸ್ಟಡ್ಡನ್ನೇ ಮುರಿದ ಉದಾಹರಣೆ ಎಷ್ಟೋ.

ಕ್ರೌನ್-ಪಿನಿಯನ್ ಜೋಡಿಯಾಗಿಯೇ ಕೊಳ್ಳಬೇಕು. ಎರಡರ ಮೇಲೂ ಒಂದೇ ಜೋಡಿ ನಂಬರು ಕೆತ್ತಿರುತ್ತದೆ, ನೋಡಿ. ಇನ್ನೊಂದು ಸೂಕ್ಷ್ಮ: ಡಾನಾ 44ರಲ್ಲಿ 3.73ರ ಕ್ರೌನ್ ಕೂರುವ ಒಳಪಂಜರವೇ ಬೇರೆ, 4.27, 4.88, 5.38ಕ್ಕೆ ಬೇರೆ. ಹೊಸ ಜೋಡಿ ಕೂರಿಸುವಾಗ ಶಿಮ್ ಹಾಕಿ, ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವ ತನಕ ಹೊಂದಿಸಬೇಕು. ಅರ್ಧ ದಿನದ ಕೆಲಸ. "ಹಂಗೇ ಹಾಕ್ಬಿಡಿ, ಓಡ್ತಾ ಸರಿಹೋಗತ್ತೆ" ಅನ್ನುವವರಿಗೆ ಈ ಕೆಲಸ ಕೊಡಬೇಡಿ.

ಸ್ಪೈಸರ್ 18ರಲ್ಲೂ ಇಂಥದ್ದೇ ಗೊಂದಲ. ಅದರ ನಡುವಿನ ಶಾಫ್ಟ್ ಮೂರು ದಪ್ಪದಲ್ಲಿ ಬಂದಿದೆ: ಮುಕ್ಕಾಲು ಇಂಚು, ಒಂದೂಕಾಲಿಗೆ ಅರೆಪಾವು ಕಡಿಮೆ ಅಂದರೆ 1⅛, ಆಮೇಲೆ ಒಂದೂಕಾಲು. ಹಳೇ ಶಾಫ್ಟನ್ನು ವರ್ನಿಯರಿನಲ್ಲಿ ಅಳೆದೇ ಗೇರು ತನ್ನಿ. ಮೂರು ಗೇರಿನ ಪೆಟ್ಟಿಗೆ ತೆಗೆದು ನಾಲ್ಕು ಗೇರಿನದು ಹಾಕುವುದಾದರೆ ಪೆಟ್ಟಿಗೆಯ ಉದ್ದ ಬದಲಾಗಿ ಶಾಫ್ಟ್‌ಗಳ ಉದ್ದವೂ ಬದಲಾಗುತ್ತದೆ. ಕತ್ತರಿಸಿ ಬೆಸೆಯುವ ಕೆಲಸ ಲೇತ್ ಇರುವಲ್ಲೇ ಆಗಲಿ, ಎರಡು ತುದಿಯ ಕವಲುಗಳು ಒಂದೇ ನೇರಕ್ಕಿರಲಿ. ಇಲ್ಲದಿದ್ದರೆ ನಲವತ್ತರ ವೇಗಕ್ಕೇ ನೆಲ ಅದುರುತ್ತದೆ. ಎಂಜಿನ್ನನ್ನೇ ಬದಲಿಸುವವರು ಮೊದಲು ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಲ್ಲಿ ಇದಿದೆ.

ಬೇರಿಂಗಿಗೆ ಮಾತ್ರ ಜೀಪಿನ ಅಂಗಡಿಯೇ ಬೇಕಿಲ್ಲ. ಬೇರಿಂಗಿನ ಮೈಮೇಲೆ ನಂಬರಿದೆ. ಹಳೇ ಜೀಪಿನ ಚಕ್ರದ ಬೇರಿಂಗು 18590, ಅದರ ಹೊರಬಳೆ 18520. ಚಿಕ್ಕಮಗಳೂರೋ ಹಾಸನವೋ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಈ ನಂಬರು ಹೇಳಿದರೆ ಸಾಕು. ಆಯಿಲ್ ಸೀಲಿಗೂ ಅಷ್ಟೇ: ಒಳಸುತ್ತು, ಹೊರಸುತ್ತು, ದಪ್ಪ. ಕ್ರಾಸಿಗೆ ಬಟ್ಟಲಿನ ವ್ಯಾಸ ಮತ್ತು ತುದಿಯಿಂದ ತುದಿಗೆ ಉದ್ದ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಹಳೇ ಸಾಮಾನನ್ನು ತೊಳೆದು ಚೀಲದಲ್ಲಿ ಹಾಕಿಕೊಂಡೇ ಬಸ್ಸು ಹತ್ತಿ. ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ಇಟ್ಟದ್ದಕ್ಕೆ ಸರಿಯಾದ ಜೋಡಿ ಸಿಗುತ್ತದೆ.

ಎಲ್ಲ ಕೂಡಿಸಿದ ಮೇಲೆ ಆಯಿಲ್. ಟಿ-90ರೊಳಗೆ ಹಿತ್ತಾಳೆಯ ಬಳೆಗಳಿವೆ, ಅದಕ್ಕೆ ಜಿಎಲ್-4 ದರ್ಜೆಯ 90 ನಂಬರಿನ ಆಯಿಲ್ ಹಾಕಿ. ಆಕ್ಸಲ್ಲಿಗೆ ಜಿಎಲ್-5 ಆದೀತು. ಮೊದಲ ಇನ್ನೂರು ಮುನ್ನೂರು ಕಿ.ಮೀ. ಆದ ಕೂಡಲೇ ಬಸಿದು ಬೋಗುಣಿಯಲ್ಲಿ ನೋಡಿ. ನುಣ್ಣನೆ ಬೂದುಬಣ್ಣದ ಪುಡಿ ಬಂದರೆ ಚಿಂತೆಯಿಲ್ಲ. ಚಕ್ಕೆ ಬಂದರೆ ಮತ್ತೆ ಬಿಚ್ಚಿ. ಹಾಲಿನ ಬಣ್ಣ ಬಂದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ ಅಂತ. ಆಕ್ಸಲ್ಲಿನ ಮೇಲಿರುವ ಉಸಿರುಕೊಳವೆಯ ಮಣ್ಣು ತೆಗೆಸಿ, ಸೀಲು ನೋಡಿ, ಮಳೆಗಾಲ ಹಿಡಿಯುವ ಮೊದಲೇ ಹೊಸ ಆಯಿಲ್ ತುಂಬಿಸಿ.