ವಾಸನಿ ಎಲ್ಲದರಿ?

ಬಸವಕಲ್ಯಾಣದಿಂದ ಬರುವ ಬಸ್ಸು ಹುಮನಾಬಾದ್ ಹತ್ತಿರವಾದಂತೆ ಕಾರ್ಖಾನೆಗಳ ಕಡೆಯ ಗಾಳಿ ಬಡಿಯಿತು. ಮೂಗಿಗೆ ಕರ್ಚೀಫು ಹಿಡಿದೆ. ಪಕ್ಕದಲ್ಲಿದ್ದ ಹಿರಿಯರು ನಕ್ಕರು: "ವಾಸನಿ ಎಲ್ಲದರಿ? ನಮಗೇನೂ ಬರವಲ್ದು." ಸುಳ್ಳಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮುಗಿಸುವಷ್ಟರಲ್ಲಿ ನನಗೂ ಬರಲಿಲ್ಲ. 12ನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕೂತು 'ಮಾನಸೋಲ್ಲಾಸ'ದಲ್ಲಿ ಧೂಪ, ಗಂಧಗಳ ಬಗ್ಗೆ ಬರೆದ ದೊರೆ ಮೂರನೆಯ ಸೋಮೇಶ್ವರನಿಗೆ ತನ್ನ ಅರಮನೆಯ ಧೂಪ ಎಷ್ಟು ದಿನ ಘಮಿಸಿತ್ತೋ!

ಮೂಗಿನ ಕೋಶ ಗಳಿಗೆಗೆ ದಣಿಯುವುದುಂಟು. ದಿನಗಟ್ಟಲೆ ಉಳಿಯುವ ಒಗ್ಗುವಿಕೆಗೆ ಕಾರಣ ಬೇರೆ ಎಂದು ಹೇಳಿದ್ದು ಬೆಂಗಳೂರಿನ ಹಣ್ಣಿನ ನೊಣಗಳು.

1970ರ ದಶಕದಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನಲ್ಲಿ ವಿಜ್ಞಾನಿ ಒಬೈದ್ ಸಿದ್ದೀಕಿ ಈ ನೊಣದ ಬೆನ್ನು ಹತ್ತಿದರು. ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಓದಿದ ವೆರೋನಿಕಾ ರೊಡ್ರಿಗಸ್ ಅವರ ಜೊತೆಗೂಡಿದರು. ಸಾಸಿವೆ ಕಾಳಿಗಿಂತ ಚಿಕ್ಕ ಆ ತಲೆಯಲ್ಲಿ, ಎಡಕ್ಕೆ ಸುಮಾರು 50, ಬಲಕ್ಕೆ ಅಷ್ಟೇ, ನರತಂತುಗಳ ಪುಟ್ಟ ಉಂಡೆಗಳಿವೆ. ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಉಂಡೆಗಳು ಎಚ್ಚರಗೊಳ್ಳುತ್ತವೆಂದು ರೊಡ್ರಿಗಸ್ 1988ರಲ್ಲಿ ತೋರಿಸಿದರು.

2008ರಲ್ಲಿ ಕ್ಯಾಲಿಫೋರ್ನಿಯಾದ ಜಿಂಗ್ ವಾಂಗ್ ತಂಡ ಒಂದು ಸುಳಿವು ಕೊಟ್ಟಿತು. ಗಾಬಾ ಎಂಬ ನರಪ್ರೇಷಕ ಉಂಡೆಯೊಳಗೆ ವಾಸನೆಯ ಕೋಶದ ತುದಿಯಲ್ಲಿರುವ ಗ್ರಾಹಕದ ಮೇಲೆ ಕೂತು ಕೋಶದ ಸದ್ದು ತಗ್ಗಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಕೋಶಗಳಿಗೆ ಮಾತ್ರ ಆ ಗ್ರಾಹಕವೇ ಇಲ್ಲ, ಗಾಬಾದ ಮಾತು ಅವಕ್ಕೆ ಕೇಳಿಸದು.

ಇತ್ತ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ರೊಡ್ರಿಗಸ್ ಮತ್ತು ಡಬ್ಲಿನ್‌ನ ಮಣಿ ರಾಮಸ್ವಾಮಿ ಅವರ ತಂಡ ನೊಣಗಳನ್ನು 4 ದಿನ ಒಂದೇ ವಾಸನೆಯಲ್ಲಿ ಇಟ್ಟಿತು. ಹಣ್ಣಿನಂಥ ಘಾಟಿನ ಈಥೈಲ್ ಬ್ಯುಟಿರೇಟ್ ಕೆಲವಕ್ಕೆ, ಕಾರ್ಬನ್ ಡೈಆಕ್ಸೈಡ್ ಕೆಲವಕ್ಕೆ. ಆಮೇಲೆ ಕವಲೊಡೆದ ಗಾಜಿನ ಕೊಳವೆಗೆ ಬಿಟ್ಟರು: ಒಂದು ಕವಲಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ಹೊಸ ನೊಣಗಳು ವಾಸನೆಯಿಂದ ದೂರ ಓಡಿದವು. ಒಗ್ಗಿದವು ಅಷ್ಟಾಗಿ ಲೆಕ್ಕಿಸಲಿಲ್ಲ. ಆದರೆ ಒಂದು ವಾಸನೆಗೆ ಒಗ್ಗಿದ್ದು ಇನ್ನೊಂದಕ್ಕೆ ಎಂದಿನಂತೆ ಬೆದರಿತು. ಹಾಗಾದರೆ ಮೂಗು ಕೆಟ್ಟಿರಲಿಲ್ಲ.

ಗಾಬಾಕ್ಕೆ ಕಿವುಡಾದ ಕೋಶಗಳ ವಾಸನೆಗೂ ನೊಣ ಒಗ್ಗಿತಲ್ಲ, ಮತ್ತೆ ಬ್ರೇಕು ಎಲ್ಲಿ? ಮುಂದಿನ ಸಾಲಿನ ಕೋಶದಲ್ಲಿ. ಉಂಡೆಯಿಂದ ಸುದ್ದಿ ಒಯ್ಯುವ ಆ ಕೋಶಗಳ ಮೇಲೆ ನೆರೆಯ ಕೋಶಗಳು ಗಾಬಾವನ್ನು ಹೆಚ್ಚೆಚ್ಚು ಸುರಿಯುತ್ತಿದ್ದವು. ಆ ವಾಸನೆಯ ಉಂಡೆಯೂ ಊದಿಕೊಂಡಿತ್ತು. ಅಲ್ಲಿನ ಗಾಬಾ ಗ್ರಾಹಕವನ್ನು ಕುಗ್ಗಿಸಿದಾಗ ನೊಣ ಒಗ್ಗಲೇ ಇಲ್ಲ.

ಪ್ರಬಂಧ 2011ರಲ್ಲಿ ಅಚ್ಚಾಯಿತು. ರೊಡ್ರಿಗಸ್ 2010ರ ನವೆಂಬರಿನಲ್ಲೇ ತೀರಿಕೊಂಡಿದ್ದರು.

ಒಗ್ಗಿದ ನೊಣವನ್ನು ಶುದ್ಧ ಗಾಳಿಯಲ್ಲಿ ಕೆಲವು ದಿನ ಬಿಟ್ಟರೆ ಮತ್ತೆ ಮೊದಲಿನಂತೆ ಓಡುತ್ತದೆ. ಬಸ್ಸಿನ ಹಿರಿಯರು ಬಸವಕಲ್ಯಾಣಕ್ಕೆ ಬೆಳಿಗ್ಗೆ ಹೋಗಿ ಸಂಜೆಗೇ ಮರಳಿದವರು.