ಮನೆಯಲ್ಲಿ ಕಲಿಯುವ ಮಗುವಿಗೆ ರಸಾಯನಶಾಸ್ತ್ರ: ಯಾವ ಪಠ್ಯಕ್ರಮ ಆರಿಸೋಣ?



ಮಕ್ಕಳು ಶಾಲೆಗೆ ಹೋಗಿ ಕಲಿಯಬೇಕೆಂಬುದು ನಮ್ಮೆಲ್ಲರ ಆಸೆ. ಆದರೆ ಎಲ್ಲ ಮನೆಗಳಲ್ಲೂ ಅದು ಸಾಧ್ಯವಾಗುವುದಿಲ್ಲ. ದೀರ್ಘಕಾಲದ ಕಾಯಿಲೆ, ಅಂಗವೈಕಲ್ಯ, ಮಧ್ಯದಲ್ಲಿ ನಿಂತುಹೋದ ಓದು, ಕನ್ನಡ ಮಾಧ್ಯಮದ ಹೈಸ್ಕೂಲು ಮುಗಿದ ಮೇಲೆ ಹತ್ತಿರದಲ್ಲಿ ಅನುಕೂಲವಾದ ಕಾಲೇಜು ಇಲ್ಲದಿರುವುದು, ಹೀಗೆ ಕಾರಣಗಳು ಹಲವು. ಕೆಲವು ಕುಟುಂಬಗಳು ಯೋಚಿಸಿಯೇ ಮನೆಪಾಠದ ದಾರಿ ಹಿಡಿಯುವುದೂ ಉಂಟು.

ಇಂತಹ ಮನೆಗಳಲ್ಲಿ ಚರಿತ್ರೆ, ಭಾಷೆ, ಲೆಕ್ಕ ಹೇಗೋ ಸಾಗುತ್ತವೆ. ಗಾಡಿ ನಿಲ್ಲುವುದು ರಸಾಯನಶಾಸ್ತ್ರದ ಬಳಿ. "ಯಾವ ಪುಸ್ತಕ ಒಳ್ಳೆಯದು?" ಎಂದು ಹೆತ್ತವರು ಕೇಳುತ್ತಾರೆ. ಪುಸ್ತಕದ ಪ್ರಶ್ನೆ ಕೊನೆಯದು. ಮಗು ಮುಂದೆ ಎಲ್ಲಿಗೆ ಹೋಗಬೇಕು, ಅದಕ್ಕೆ ಯಾವ ಪರೀಕ್ಷೆ ಬೇಕು, ಪ್ರಯೋಗಗಳನ್ನು ಎಲ್ಲಿ ಮಾಡುವುದು ಎಂಬ ಮೂರು ವಿಷಯಗಳು ಮೊದಲು ತೀರ್ಮಾನವಾಗಬೇಕು. ಇವನ್ನು ಮರೆತು ಪುಸ್ತಕ ಕೊಂಡರೆ ಮಗುವಿನ ಎರಡು ವರ್ಷ ವ್ಯರ್ಥವಾಗಬಹುದು.

1. ಮುಂದೆ ಎಲ್ಲಿಗೆ?

ನಮ್ಮ ಕುಟುಂಬಗಳ ಅನೇಕ ಹೆಣ್ಣುಮಕ್ಕಳ, ಈಗ ಗಂಡುಮಕ್ಕಳ ಕನಸೂ ನರ್ಸಿಂಗ್. ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರೂ ಸೇರಿ ಶೇಕಡಾ 45 ಅಂಕ ಬೇಕು. ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಪಾಸಾಗಬೇಕು. ಇದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಸಾಮಾನ್ಯ ನಿಯಮ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ವಿಜ್ಞಾನ ಓದಿದವರನ್ನೂ ಕೌನ್ಸಿಲ್ ಒಪ್ಪುತ್ತದೆ. ಜಿ.ಎನ್.ಎಂ. ಡಿಪ್ಲೊಮಾಕ್ಕೆ ಕೌನ್ಸಿಲ್ ಪ್ರಕಾರ ವಿಜ್ಞಾನವೇ ಆಗಬೇಕೆಂದಿಲ್ಲ. ಆದರೆ ಕೆಲವು ರಾಜ್ಯಗಳು, ಕಾಲೇಜುಗಳು ವಿಜ್ಞಾನ ಓದಿದವರಿಗೇ ಮೊದಲ ಸ್ಥಾನ ಕೊಡುತ್ತವೆ. ಆದುದರಿಂದ ಸೇರಬೇಕೆಂದಿರುವ ಕಾಲೇಜಿನ ಪ್ರಾಸ್ಪೆಕ್ಟಸ್ ಅನ್ನು ಈಗಲೇ ತರಿಸಿ ಓದಿರಿ.

ವೈದ್ಯಕೀಯದ ಆಸೆ ಇರುವವರಿಗೆ ಒಂದು ಮಾತು. ಮುಕ್ತ ಶಾಲೆಯವರು ನೀಟ್ ಪರೀಕ್ಷೆ ಬರೆಯುವಂತಿಲ್ಲ ಎಂಬ ನಿಯಮ ಹಿಂದೆ ಇತ್ತು. 2018ರಲ್ಲಿ ದೆಹಲಿ ಹೈಕೋರ್ಟು ಅದನ್ನು ರದ್ದುಮಾಡಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ವಿಷಯ ಇತ್ಯರ್ಥವಾಗಿ ಆ ಬಾಗಿಲು ತೆರೆದಿದೆ.

ಮಗುವಿನ ಗುರಿ ವಾಣಿಜ್ಯ, ಕಲೆ ಅಥವಾ ಕೈಕಸುಬು ಆಗಿದ್ದರೆ ಹತ್ತನೆಯ ತರಗತಿಯ ವಿಜ್ಞಾನ ಸಾಕು. "ಇರಲಿ, ವಿಜ್ಞಾನವೇ ಓದಲಿ" ಎಂದು ಮಗುವಿನ ಮೇಲೆ ಭಾರ ಹೊರಿಸಬೇಡಿ.

2. ಯಾವ ಪರೀಕ್ಷೆ?

ಮನೆಯಲ್ಲಿ ಓದುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಒ.ಎಸ್. 1989ರಲ್ಲಿ ಆರಂಭವಾದ ಈ ಕೇಂದ್ರ ಸರಕಾರಿ ಸಂಸ್ಥೆಯಲ್ಲಿ ಹತ್ತನೆಯ ಹಂತಕ್ಕೆ 14 ವರ್ಷ, ಹನ್ನೆರಡನೆಯ ಹಂತಕ್ಕೆ 15 ವರ್ಷ ತುಂಬಿರಬೇಕು. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಊರ್ಜಿತ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ. ಒಂದು ಸಲಕ್ಕೆ ಒಂದೆರಡು ವಿಷಯ ಬರೆದು, ಪಾಸಾದುದನ್ನು ಉಳಿಸಿಕೊಂಡು ಮುಂದೆ ಹೋಗಬಹುದು. ಕಾಯಿಲೆಯಲ್ಲಿರುವ ಮಗುವಿಗೆ ಇದು ದೊಡ್ಡ ಉಪಕಾರ. ಹನ್ನೆರಡನೆಯ ಹಂತದ ರಸಾಯನಶಾಸ್ತ್ರದ ವಿಷಯ ಸಂಖ್ಯೆ 313. ಇದರಲ್ಲಿ ಥಿಯರಿಗೆ 80, ಪ್ರಾಯೋಗಿಕಕ್ಕೆ 20 ಅಂಕ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಮನೆಯಲ್ಲಿ ಬರೆದು ಒಪ್ಪಿಸುವ ಟಿ.ಎಂ.ಎ. ಉತ್ತರಪತ್ರಿಕೆಗಳಿಗೂ ಅಂಕವಿದೆ, ಅದನ್ನು ಬಿಡಬಾರದು.

ಎರಡನೆಯದು, ರಾಜ್ಯಗಳ ಮುಕ್ತ ಶಾಲೆಗಳು. ಉದಾಹರಣೆಗೆ, ಕಾಸರಗೋಡು ಮತ್ತು ವಯನಾಡಿನವರಿಗೆ ಕೇರಳ ಸರಕಾರದ ಸ್ಕೋಲ್-ಕೇರಳ ಇದೆ. ಅದರ ಓಪನ್ ರೆಗ್ಯುಲರ್ ವಿಭಾಗದಲ್ಲಿ ಪ್ಲಸ್ ಟು ವಿಜ್ಞಾನಕ್ಕೆ ಸೇರಬಹುದು. ಪ್ರಯೋಗಗಳು ಗೊತ್ತುಪಡಿಸಿದ ಶಾಲೆಯಲ್ಲಿ ನಡೆಯುತ್ತವೆ.

ಮೂರನೆಯದು, ನಗರಗಳ ಕೆಲವು ಕುಟುಂಬಗಳು ಆರಿಸುವ ಕೇಂಬ್ರಿಡ್ಜ್ ಐ.ಜಿ.ಸಿ.ಎಸ್.ಇ. ಇದು ನಮ್ಮ ಹತ್ತನೆಯ ತರಗತಿಯ ಮಟ್ಟದ್ದು. ಇದರ ರಸಾಯನಶಾಸ್ತ್ರದಲ್ಲಿ ಪ್ರಯೋಗಕ್ಕೆ ಶೇಕಡಾ 20 ಅಂಕ. ಲ್ಯಾಬಿಗೆ ಹೋಗಲಾಗದವರು ಪ್ರಯೋಗದ ಬಗ್ಗೆಯೇ ಒಂದು ಲಿಖಿತ ಪತ್ರಿಕೆ ಬರೆಯಬಹುದು. ಆದರೆ ಮುಂದಿನ ಎ ಲೆವೆಲ್‌ನಲ್ಲಿ ಲ್ಯಾಬ್ ಪರೀಕ್ಷೆ ಕಡ್ಡಾಯ. ಇಲ್ಲಿ ತಪ್ಪಿಸಿದ ಪ್ರಯೋಗ ಅಲ್ಲಿ ಎದುರಾಗುತ್ತದೆ. ಶುಲ್ಕವೂ ಮುಕ್ತ ಶಾಲೆಗಿಂತ ಎಷ್ಟೋ ಪಟ್ಟು ಹೆಚ್ಚು.

3. ಲ್ಯಾಬ್ ಎಲ್ಲಿದೆ?

ಇದೇ ಮುಖ್ಯವಾದ ಪ್ರಶ್ನೆ. ಬ್ಯುರೆಟ್ ಹಿಡಿದು ಟೈಟ್ರೇಷನ್ ಮಾಡುವುದು, ಲವಣವನ್ನು ಪರೀಕ್ಷಿಸಿ ಅದರಲ್ಲಿ ಏನಿದೆ ಎಂದು ಗುರುತಿಸುವುದು ಓದಿ ಬರುವ ವಿದ್ಯೆಯಲ್ಲ. ಇವನ್ನು ಅಡುಗೆಮನೆಯಲ್ಲಿ ಮಾಡುವುದೂ ಕ್ಷೇಮವಲ್ಲ, ಏಕೆಂದರೆ ಗಾಢ ಆಮ್ಲಗಳು ಬೇಕಾಗುತ್ತವೆ. ಹೆಸರು ನೋಂದಾಯಿಸುವ ಮೊದಲೇ ಅಧ್ಯಯನ ಕೇಂದ್ರಕ್ಕೆ ಹೋಗಿ ಕೇಳಿರಿ: ಇಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಇದೆಯೇ? ಸಂಪರ್ಕ ತರಗತಿಗಳು ನಿಜವಾಗಿ ನಡೆಯುತ್ತವೆಯೇ? ಎಷ್ಟು ದಿನ? ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇರೆ ಕೇಂದ್ರ ನೋಡಿರಿ. ಹತ್ತಿರದ ಶಾಲೆಯ ಮುಖ್ಯಸ್ಥರನ್ನು ಕಂಡು ರಜಾದಿನಗಳಲ್ಲಿ ಲ್ಯಾಬ್ ಬಳಸಲು ವಿನಂತಿಸಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತರಾದ ವಿಜ್ಞಾನ ಶಿಕ್ಷಕರು ಇದ್ದರೆ ವಾರಕ್ಕೆ ಎರಡು ಗಂಟೆ ಸಮಯ ಕೇಳಲು ಸಂಕೋಚ ಬೇಡ. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ರೂಪಿಸಿದ ಓಲ್ಯಾಬ್ಸ್‌ನಲ್ಲಿ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ನೋಡಿ ಅಭ್ಯಾಸ ಮಾಡಬಹುದು. ಅದು ಲ್ಯಾಬಿಗೆ ಹೋಗುವ ಮೊದಲಿನ ತಯಾರಿಗೆ ಒಳ್ಳೆಯದು. ಕೈ ಪಳಗುವುದು ಲ್ಯಾಬಿನಲ್ಲೇ.

4. ಕನ್ನಡದಿಂದ ಇಂಗ್ಲಿಷಿಗೆ

ಗಡಿನಾಡಿನ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಇದೆ. ಹತ್ತರವರೆಗೆ ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಕಲಿತವರಿಗೆ ಮರುವರ್ಷ ಆಸಿಡ್, ಬೇಸ್, ಸಾಲ್ಟ್ ಎದುರಾಗುತ್ತವೆ. ವಿಷಯ ಗೊತ್ತಿದ್ದರೂ ಹೆಸರು ಗೊತ್ತಿಲ್ಲದೆ ಮಗು "ನನಗೆ ತಲೆಗೆ ಹತ್ತುವುದಿಲ್ಲ" ಎಂದು ಕೈಚೆಲ್ಲುತ್ತದೆ.

ಇದಕ್ಕೆ ಸುಲಭ ಉಪಾಯವಿದೆ. ಕರ್ನಾಟಕದ ಕನ್ನಡ ಮಾಧ್ಯಮದ ಹತ್ತನೆಯ ತರಗತಿ ವಿಜ್ಞಾನ ಪುಸ್ತಕ ಎನ್.ಸಿ.ಇ.ಆರ್.ಟಿ. ಪುಸ್ತಕವನ್ನು ಆಧರಿಸಿದ್ದು. ರಾಸಾಯನಿಕ ಕ್ರಿಯೆಗಳು, ಆಮ್ಲ-ಪ್ರತ್ಯಾಮ್ಲಗಳು, ಲೋಹ-ಅಲೋಹಗಳು, ಕಾರ್ಬನ್ ಈ ಅಧ್ಯಾಯಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಕ್ಕಪಕ್ಕದಲ್ಲಿಟ್ಟು ಓದಲಿ. ಕೇರಳದ ಎಸ್.ಸಿ.ಇ.ಆರ್.ಟಿ. ಮತ್ತು ಮಹಾರಾಷ್ಟ್ರದ ಬಾಲಭಾರತಿಯೂ ಹತ್ತನೆಯ ತರಗತಿಯ ಕನ್ನಡ ಪುಸ್ತಕ ಪ್ರಕಟಿಸುತ್ತವೆ. ದಿನಕ್ಕೆ ಐದು ಪದಗಳನ್ನು ಎರಡೂ ಭಾಷೆಗಳಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಎರಡು ತಿಂಗಳಲ್ಲಿ ಮುನ್ನೂರು ಪದಗಳಾದವು!

ಹನ್ನೆರಡನೆಯ ಹಂತಕ್ಕೆ ಎನ್.ಐ.ಒ.ಎಸ್. ತನ್ನದೇ ಪುಸ್ತಕ ಕೊಡುತ್ತದೆ. ಪರೀಕ್ಷೆಗೆ ಅದೇ ಆಧಾರ. ಪ್ರವೇಶ ಪರೀಕ್ಷೆ ಬರೆಯುವವರು ಎನ್.ಸಿ.ಇ.ಆರ್.ಟಿ. 11 ಮತ್ತು 12ರ ಪುಸ್ತಕಗಳನ್ನೂ ಓದಲಿ; ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಜೋಕೆ, 2022-23ರ ಸುಮಾರಿಗೆ ಎನ್.ಸಿ.ಇ.ಆರ್.ಟಿ. ಹಲವು ಪಾಠಗಳನ್ನು ಕೈಬಿಟ್ಟಿತು. ಹಳೆಯ ಪುಸ್ತಕ ಸಿಕ್ಕಿದರೆ ಈಗಿನ ಪಠ್ಯದೊಂದಿಗೆ ತಾಳೆ ನೋಡಿರಿ.

5. ಮಗು ಸಿದ್ಧವಾಗಿದೆಯೇ?

ಹನ್ನೊಂದರ ಪುಸ್ತಕ ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿರಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಿ ಬರೆಯಬಲ್ಲದೇ? ಕ್ಯಾಲ್ಸಿಯಂ ಕ್ಲೋರೈಡಿನ ಸೂತ್ರ ಹೇಳಬಲ್ಲದೇ? 18 ಗ್ರಾಂ ನೀರು ಒಂದು ಮೋಲ್ ಆದರೆ 36 ಗ್ರಾಂ ಎಷ್ಟು ಮೋಲ್ ಎಂದು ಹೇಳಬಲ್ಲದೇ? ಮೂರಕ್ಕೂ ತಡವರಿಸಿದರೆ ಗದರಿಸಬೇಡಿ. ಒಂಬತ್ತು, ಹತ್ತರ ಪಾಠಗಳಿಗೆ ಮೂರು ತಿಂಗಳು ಹಿಂದೆ ಹೋಗಲಿ. ಅಡಿಪಾಯವಿಲ್ಲದೆ ಗೋಡೆ ಎಬ್ಬಿಸುವುದಕ್ಕಿಂತ ಇದು ಬೇಗ ಮುಗಿಯುವ ಕೆಲಸ.

6. ಮನೆಯೂ ಪಾಠಶಾಲೆ

ಹತ್ತರ ಮಟ್ಟದ ಎಷ್ಟೋ ಪ್ರಯೋಗಗಳಿಗೆ ಮನೆ ಸಾಕು. ಬಟ್ಟೆಯ ಮೇಲಿನ ಅರಿಶಿನ ಕಲೆ ಸೋಪಿಗೆ ಕೆಂಪಾಗುವುದೇಕೆ? ಸೋಪು ಪ್ರತ್ಯಾಮ್ಲ ಗುಣದ್ದು, ಅರಿಶಿನ ಅದನ್ನು ತೋರಿಸುವ ಸೂಚಕ. ಸುಣ್ಣದ ತಿಳಿನೀರಿಗೆ ನಳಿಕೆಯಿಂದ ಮೆಲ್ಲಗೆ ಊದಿದರೆ ಹಾಲಿನಂತಾಗುತ್ತದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅದಕ್ಕೆ ಕಾರಣ. ನೀರನ್ನು ಬಾಯಿಗೆ ಎಳೆದುಕೊಳ್ಳದಂತೆ ಮಾತ್ರ ಎಚ್ಚರ ಹೇಳಿರಿ.

ಅಡಿಕೆ ತೋಟವಿರುವ ಮನೆಯಲ್ಲಂತೂ ಮಳೆಗಾಲದ ಬೋರ್ಡೋ ದ್ರಾವಣವೇ ಒಂದು ಅಧ್ಯಾಯ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ಕೆಂಬಣ್ಣ ಹಿಡಿದರೆ ಸುಣ್ಣ ಸಾಲದು. ಹಾಗೇಕೆ? ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ; ಅದು ತಾಮ್ರವನ್ನು ದ್ರಾವಣದಿಂದ ಹೊರತಳ್ಳುತ್ತದೆ. ಪುಸ್ತಕದಲ್ಲಿ ಇದರ ಹೆಸರು ಸ್ಥಾನಪಲ್ಲಟ ಕ್ರಿಯೆ. ಅಜ್ಜನಿಗೆ ಗೊತ್ತಿರುವುದನ್ನು ಮೊಮ್ಮಗಳು ಸಮೀಕರಣದಲ್ಲಿ ಬರೆಯಲಿ. ಮೈಲುತುತ್ತ ವಿಷ, ಹಿರಿಯರೇ ಮುಟ್ಟಲಿ, ಮಕ್ಕಳು ನೋಡಲಿ. ಕಕ್ಕಸು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು. ಹೊಮ್ಮುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ತಂದೆತಾಯಿಗೆ ರಸಾಯನಶಾಸ್ತ್ರ ಬಾರದಿದ್ದರೂ ಚಿಂತೆಯಿಲ್ಲ. ವಾರದಲ್ಲಿ ನಾಲ್ಕು ದಿನ ಪಾಠ, ಒಂದು ದಿನ ಪ್ರಯೋಗ, ಒಂದು ದಿನ ಹಳೆಯ ಪ್ರಶ್ನೆಪತ್ರಿಕೆ ಎಂದು ವೇಳಾಪಟ್ಟಿ ಹಾಕಿ ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಸಂಜೆ ಮಗುವಿನ ಬಳಿ ಕುಳಿತು "ಇವತ್ತು ಏನು ಕಲಿತೆ? ನನಗೂ ಹೇಳು" ಎಂದು ಕೇಳಿರಿ. ಹೇಳಿಕೊಡಲು ಬಂದರೆ ಪಾಠ ಬಂದಂತೆಯೇ. ಪುಸ್ತಕದಂಗಡಿಗೆ ಹೋಗುವ ಮುನ್ನ ಈ ವಾರವೇ ಹತ್ತಿರದ ಅಧ್ಯಯನ ಕೇಂದ್ರಕ್ಕೆ ಹೋಗಿ ಲ್ಯಾಬನ್ನು ಕಣ್ಣಾರೆ ನೋಡಿ ಬನ್ನಿ.