ದೆಹಲಿಯ ದುಡ್ಡು ದೇವರಾಯಸಮುದ್ರಕ್ಕೆ ಬರೋದು ಹೇಗೆ?

ವೀಕ್ಷಕರೇ, ಸರ್ಕಾರಿ ಶಾಲೆ ಬಗ್ಗೆ ಸ್ಟುಡಿಯೋದಲ್ಲಿ ಚರ್ಚೆಗೆ ಕೂತರೆ ನನಗೆ ಎರಡು ಮಾತು ಗ್ಯಾರಂಟಿ ಸಿಗುತ್ತೆ. ಬಲಗಡೆ ಕೂತವರು, 'ಕೇಂದ್ರ ಕೋಟಿ ಕೋಟಿ ಕೊಟ್ಟಿದೆ, ರಾಜ್ಯ ಖರ್ಚೇ ಮಾಡಿಲ್ಲ' ಅಂತಾರೆ. ಎಡಗಡೆ ಕೂತವರು, 'ಕೇಂದ್ರ ಕೊಟ್ಟರೆ ತಾನೇ ಖರ್ಚು ಮಾಡೋದು' ಅಂತಾರೆ. ಇಬ್ಬರ ಕೈಯಲ್ಲೂ ಪೇಪರ್ ಇರುತ್ತೆ. ಇಬ್ಬರೂ ಓದೋ ಅಂಕಿ ಸರಿಯಾಗಿಯೇ ಇರಬಹುದು. ಆದ್ರೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಮಗುವನ್ನ ಶಾಲೆಗೆ ಕಳಿಸಿ ಹೊಲಕ್ಕೆ ಹೋಗೋ ತಾಯಿಗೆ ಈ ಜಗಳದಿಂದ ಏನು ಗೊತ್ತಾಯ್ತು? ಏನೂ ಇಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದ್ರೆ ಮೊದಲು ಯಾರನ್ನೂ ಬೈಯಬೇಡ, ಟ್ಯಾಂಕಿನಿಂದ ಪೈಪು ಹಿಡಿದುಕೊಂಡು ಬಾ ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಇವತ್ತು ಅದನ್ನೇ ಮಾಡೋಣ. ಕೋಲಾರದವರಿಗೆ ಇದು ಇನ್ನೂ ಸುಲಭವಾಗಿ ಅರ್ಥ ಆಗುತ್ತೆ. ಈ ಸೀಮೆಯಲ್ಲಿ ಊರ ಹೆಸರಿನ ಕೊನೆಗೆ 'ಸಮುದ್ರ' ಅಂತ ಇದ್ದರೆ ಅದರ ಅರ್ಥ ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಅಂತ ಬಿಡೋದು ನೀರುಗಂಟಿ. ಶಾಲೆಯ ದುಡ್ಡೂ ಹೀಗೇ ಕೆರೆಯಿಂದ ಕೆರೆಗೆ ಇಳಿದು ಬರುತ್ತೆ.

ಮೇಲಿನ ಕೆರೆ ತುಂಬೋದು ನಿಮ್ಮ ತೆರಿಗೆಯಿಂದ. ನೀವು ಒಂದು ಲಕ್ಷ ರೂಪಾಯಿ ಆದಾಯ ತೆರಿಗೆ ಕಟ್ಟಿದರೆ ಅದರ ಮೇಲೆ 4,000 ರೂಪಾಯಿ ಸೆಸ್ ಕಟ್ಟುತ್ತೀರಿ. 2004ರಲ್ಲಿ ಶೇ 2ರಷ್ಟು ಶಿಕ್ಷಣ ಸೆಸ್ ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಇನ್ನೊಂದು ಶೇ 1 ಸೇರಿತು. 2018ರಿಂದ ಆರೋಗ್ಯ, ಶಿಕ್ಷಣ ಎರಡೂ ಸೇರಿ ಶೇ 4. ಕೇಂದ್ರದ ಮಾಮೂಲಿ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲು ಇದೆ, 15ನೇ ಹಣಕಾಸು ಆಯೋಗ ಅದನ್ನ ಶೇ 41 ಅಂತ ಗೊತ್ತು ಮಾಡಿತು. ಆ ಪಾಲಿನೊಳಗೆ ಕರ್ನಾಟಕದ ಭಾಗ ಶೇ 4.71ರಿಂದ ಶೇ 3.64ಕ್ಕೆ ಇಳಿಯಿತು. ಸೆಸ್‌ನಲ್ಲಿ ಈ ಹಂಚಿಕೆ ಇಲ್ಲವೇ ಇಲ್ಲ. ಅದು ಪೂರ್ತಿ ದೆಹಲಿಯಲ್ಲೇ ಉಳಿಯುತ್ತೆ. ಆಮೇಲೆ 'ಯೋಜನೆ' ಅನ್ನೋ ಹೆಸರಲ್ಲಿ, ಷರತ್ತಿನ ಜೊತೆಗೆ ರಾಜ್ಯಕ್ಕೆ ವಾಪಸ್ ಬರುತ್ತೆ.

ಶಾಲೆಗಳಿಗೆ ಸಂಬಂಧಪಟ್ಟ ದೊಡ್ಡ ಯೋಜನೆಯ ಹೆಸರು ಸಮಗ್ರ ಶಿಕ್ಷಣ. ಹಿಂದಿನ ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನ, ಶಿಕ್ಷಕರ ತರಬೇತಿ, ಈ ಮೂರನ್ನೂ 2018ರಲ್ಲಿ ಒಂದು ಮಾಡಿದರು. ಕರ್ನಾಟಕದಂಥ ರಾಜ್ಯಕ್ಕೆ ಲೆಕ್ಕ 60:40. ನೂರು ರೂಪಾಯಿ ಕೆಲಸಕ್ಕೆ ಕೇಂದ್ರ 60, ರಾಜ್ಯ 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. 2025-26ರ ಕೇಂದ್ರ ಬಜೆಟ್‌ನಲ್ಲಿ ಇಡೀ ದೇಶದ ಸಮಗ್ರ ಶಿಕ್ಷಣಕ್ಕೆ ಇಟ್ಟಿದ್ದು 41,250 ಕೋಟಿ. ಅದೇ ವರ್ಷ ಕರ್ನಾಟಕ ಒಂದೇ ರಾಜ್ಯ ತನ್ನ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟಿದ್ದು 45,286 ಕೋಟಿ. ಮೇಷ್ಟ್ರ ಸಂಬಳದ ಬಹುಪಾಲು ಭಾರ ಇರೋದು ರಾಜ್ಯದ ಮೇಲೇ. ಹಾಗಂತ ಕೇಂದ್ರದ ದುಡ್ಡು ಚಿಲ್ಲರೆ ಅಂದುಕೊಳ್ಳಬೇಡಿ. ಸಂಬಳ ಕೊಟ್ಟ ಮೇಲೆ ಶಾಲೆಗೆ ಬೇಕಾಗುವ ಚಾಕ್‌ಪೀಸ್, ಪೊರಕೆ, ಗ್ರಂಥಾಲಯದ ಪುಸ್ತಕ, ಆಟದ ಸಾಮಾನು, ಸಣ್ಣಪುಟ್ಟ ರಿಪೇರಿ, ಇಂಥದ್ದೆಲ್ಲ ನಡೆಯೋದು ಹೆಚ್ಚಾಗಿ ಈ 60:40ರ ದುಡ್ಡಿನಲ್ಲೇ.

ಈಗ ಕೆಳಗಿನ ಕೆರೆಗೆ ಬರೋಣ. ಶಾಲೆಯ ಕೈಗೆ ನೇರವಾಗಿ ಸಿಗುವ ಮುಖ್ಯ ಹಣ ಅಂದ್ರೆ ಸಂಯುಕ್ತ ಶಾಲಾ ಅನುದಾನ. ಅದು ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 30 ದಾಟಿ 100ರವರೆಗೆ 25,000. 250ರವರೆಗೆ 50,000. ಸಾವಿರದವರೆಗೆ 75,000. ಅದಕ್ಕಿಂತ ಹೆಚ್ಚಿದ್ದರೆ ಒಂದು ಲಕ್ಷ. ಇದು ಗರಿಷ್ಠ ಮಿತಿ, ಇದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೇ ಹೋಗಬೇಕು.

ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 28 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 10,000, ಅಂದ್ರೆ ತಿಂಗಳಿಗೆ 833 ರೂಪಾಯಿ. ನಮ್ಮಲ್ಲಿ ಎಷ್ಟೋ ಮನೆಗಳ ಮೊಬೈಲ್ ರೀಚಾರ್ಜ್ ಬಿಲ್ ಇದಕ್ಕಿಂತ ಜಾಸ್ತಿ. ಇನ್ನೊಂದು ಸೂಕ್ಷ್ಮ ನೋಡಿ. 31 ಮಕ್ಕಳಿದ್ದ ಶಾಲೆಯಿಂದ ಒಂದೇ ಒಂದು ಮಗು ಟಿಸಿ ತಗೊಂಡು ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಯ್ತು ಅಂದ್ರೆ, ಶಾಲೆ 25,000ದ ಸಾಲಿನಿಂದ 10,000ದ ಸಾಲಿಗೆ ಬೀಳುತ್ತೆ. ಒಂದು ಮಗುವಿಗೆ 15,000! ಆದ್ರೆ ಆ ಶಾಲೆಯ ಗೋಡೆ ಒಂದು ಅಡಿಯೂ ಕಮ್ಮಿ ಆಗಿರಲ್ಲ, ಸೋರೋ ಹೆಂಚು ಒಂದೂ ಕಮ್ಮಿ ಆಗಿರಲ್ಲ. ದುಡ್ಡು ಕಮ್ಮಿ ಆದ್ರೆ ಶಾಲೆ ಮಂಕಾಗುತ್ತೆ. ಶಾಲೆ ಮಂಕಾದ್ರೆ ಇನ್ನೂ ಇಬ್ಬರು ಮಕ್ಕಳು ಹೋಗ್ತಾರೆ. ಕನ್ನಡ ಶಾಲೆಗಳು ಯಾಕೆ ಮುಚ್ಚುತ್ತಿವೆ ಅಂತ ನವೆಂಬರ್ ಒಂದನೇ ತಾರೀಖು ಭಾಷಣ ಮಾಡುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಒಂದು ಒಳ್ಳೇ ಬದಲಾವಣೆಯನ್ನೂ ಹೇಳಬೇಕು. ಕರೆಂಟ್ ಬಿಲ್ಲೂ ಇದೇ ಅನುದಾನದ ಮೇಲೆ ಬೀಳ್ತಿತ್ತು. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲೆಗಳಿಗೆ ವಿದ್ಯುತ್, ಕುಡಿಯುವ ನೀರು ಉಚಿತ ಅಂತ ಘೋಷಿಸಿದರು. 10,000 ರೂಪಾಯಿಯಲ್ಲಿ ವರ್ಷ ತಳ್ಳುವ ಶಾಲೆಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾದ್ರೆ ಸಮಸ್ಯೆ ಬರೀ ಮೊತ್ತದ್ದಾ? ಅಲ್ಲ. ಮೊತ್ತದಷ್ಟೇ ದೊಡ್ಡ ಸಮಸ್ಯೆ ತಾರೀಖು.

ಶಾಲೆ ಶುರುವಾಗೋದು ಜೂನ್ ಹೊತ್ತಿಗೆ. ಹಣದ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಈ ನಡುವೆ ಏನೇನಾಗಬೇಕು ಕೇಳಿ. ಶಾಲೆಯ ಅಂಕಿಅಂಶ ಯುಡೈಸ್ ಪ್ಲಸ್‌ಗೆ ಹೋಗುತ್ತೆ. ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯದ ವಾರ್ಷಿಕ ಯೋಜನೆ ಆಗುತ್ತೆ. ಅದು ದೆಹಲಿಯ ಅನುಮೋದನಾ ಮಂಡಳಿ ಮುಂದೆ ಹೋಗುತ್ತೆ. ಅಲ್ಲಿ ಒಪ್ಪಿಗೆ ಸಿಕ್ಕರೂ ದುಡ್ಡು ಒಂದೇ ಸಲ ಬರಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಒಮ್ಮೆಗೆ ಕಾಲು ಭಾಗದಷ್ಟು ಮಾತ್ರ ಬಿಡುತ್ತೆ. ಅದರ ಶೇ 75 ಖರ್ಚಾಗಿದೆ ಅಂತ ತೋರಿಸಿದ ಮೇಲೆ ಮುಂದಿನ ಕಂತು. ಬಂದ ಹಣವನ್ನ ರಾಜ್ಯದ ಖಜಾನೆ 30 ದಿನದೊಳಗೆ ಯೋಜನೆಯ ಖಾತೆಗೆ ಹಾಕಬೇಕು, ತಪ್ಪಿದರೆ ವರ್ಷಕ್ಕೆ ಶೇ 7ರ ಬಡ್ಡಿ. ರಾಜ್ಯ ತನ್ನ 40ನ್ನೂ ಸೇರಿಸಬೇಕು.

ಈ ನಿಯಮ ಬಂದಿದ್ದಕ್ಕೆ ಕಾರಣ ಇದೆ. ಹಿಂದೆ ಎಷ್ಟೋ ಯೋಜನೆಗಳ ದುಡ್ಡು ಬೇರೆ ಬೇರೆ ಬ್ಯಾಂಕ್ ಖಾತೆಗಳಲ್ಲಿ ಸುಮ್ಮನೆ ಮಲಗಿರ್ತಿತ್ತು, ಎಲ್ಲಿ ಎಷ್ಟಿದೆ ಅಂತಲೂ ಗೊತ್ತಾಗ್ತಿರಲಿಲ್ಲ. ಈಗ ಪ್ರತಿ ರೂಪಾಯಿಯೂ ಕಂಪ್ಯೂಟರ್‌ನಲ್ಲಿ ಕಾಣುತ್ತೆ. ಆದ್ರೆ ಎಂಜಿನಿಯರ್ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಫೀಡ್‌ಬ್ಯಾಕ್ ಲೂಪ್. ಎಲ್ಲೋ ಕೆಲವು ಜಿಲ್ಲೆಗಳಲ್ಲಿ ಖರ್ಚು ತಡವಾದ್ರೆ ಇಡೀ ರಾಜ್ಯದ ಮುಂದಿನ ಕಂತು ನಿಲ್ಲುತ್ತೆ. ಕಂತು ನಿಂತರೆ ಖರ್ಚು ಇನ್ನೂ ತಡ. ಮೇಲಿನ ಕೆರೆಯವರು 'ನೀವು ನೀರು ಬಳಸಿಲ್ಲ' ಅಂತಾರೆ. ಕೆಳಗಿನವರು 'ನೀವು ತೂಬೇ ಎತ್ತಿಲ್ಲ' ಅಂತಾರೆ. ನನ್ನ ಸ್ಟುಡಿಯೋದ ಆ ಇಬ್ಬರೂ ಏಕಕಾಲಕ್ಕೆ ಸರಿ ಇರೋಕೆ ಸಾಧ್ಯ ಆಗೋದು ಹೀಗೆ. ಶಾಲೆಗೆ ಹಣ ಬರೋದು ವರ್ಷದ ಕೊನೆಯ ತಿಂಗಳುಗಳಲ್ಲಿ ಅನ್ನೋದು ಹೊಸ ದೂರೇನಲ್ಲ. 2009ರಿಂದ ದೇಶದ ಶಾಲೆಗಳಲ್ಲಿ ನಡೆದ 'ಪೈಸಾ' ಸಮೀಕ್ಷೆಗಳೂ ಇದನ್ನೇ ಹೇಳಿದ್ದವು. ತಡವಾಗಿ ಬಂದ ದುಡ್ಡನ್ನ ಅವಸರದಲ್ಲಿ ಖರ್ಚು ಮಾಡಿ ಬಿಲ್ ಕೂರಿಸೋ ಅಷ್ಟೊತ್ತಿಗೆ ಪರೀಕ್ಷೆ ಬಂದಿರುತ್ತೆ. ಜೂನ್‌ನಲ್ಲಿ ಸೋರಿದ ಮಾಳಿಗೆಗೆ ಮಾರ್ಚ್‌ನಲ್ಲಿ ಸಿಮೆಂಟ್ ಬಂದರೆ ಮಳೆಗಾಲ ಪೂರ್ತಿ ಮಕ್ಕಳು ಎಲ್ಲಿ ಕೂತಿದ್ದರು?

ಬಿಸಿಯೂಟಕ್ಕೂ ಇದೇ 60:40. 2025ರ ಮೇ ತಿಂಗಳಿಂದ ಒಂದರಿಂದ ಐದನೇ ತರಗತಿ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಆರರಿಂದ ಎಂಟಕ್ಕೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆ ಬರುತ್ತೆ. ಬೇಳೆ, ಎಣ್ಣೆ, ತರಕಾರಿ, ಸಾಂಬಾರ ಪದಾರ್ಥ, ಗ್ಯಾಸ್ ಎಲ್ಲ ಈ ದರದೊಳಗೇ ಮುಗಿಯಬೇಕು. 2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಾವೆಲ್ಲ ರೈತರು ಲಕ್ಷಾಧೀಶರಾದ ಸುದ್ದಿ ತೋರಿಸಿದ್ದೇ ತೋರಿಸಿದ್ದು. ಆಗ ಪ್ರಾಥಮಿಕ ಶಾಲೆಯ ಮಗುವಿನ ದರ 5 ರೂಪಾಯಿ 45 ಪೈಸೆ. 28 ಮಕ್ಕಳಿಗೆ ದಿನದ ಒಟ್ಟು 153 ರೂಪಾಯಿ. ಒಂದು ಕೆ.ಜಿ. ಟೊಮೆಟೊದ ಸಗಟು ಬೆಲೆಯೇ 130ರ ಮೇಲೆ! ಟೊಮೆಟೊ ಬೆಳೆಯೋ ಜಿಲ್ಲೆಯ ಮಗುವಿನ ಸಾರಿಗೇ ಟೊಮೆಟೊ ಹಾಕೋಕೆ ಆ ದರದಲ್ಲಿ ಆಗ್ತಿರಲಿಲ್ಲ.

ಅಡುಗೆ ಮಾಡೋ ಅಮ್ಮಂದಿರ ಲೆಕ್ಕ ಇನ್ನೂ ವಿಚಿತ್ರ. ಕೇಂದ್ರದ ನಿಯಮದಲ್ಲಿ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 600. 2009ರಲ್ಲಿ ಗೊತ್ತು ಮಾಡಿದ ಮೊತ್ತ ಇದು, ಅವತ್ತಿಂದ ಕದಲಿಲ್ಲ. ಉಳಿದಿದ್ದನ್ನ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿ ಕೊಡ್ತಾ ಬಂದಿದೆ.

ಇನ್ನು ಷರತ್ತಿನ ವಿಷಯ. ಕೋಲಾರ ಜಿಲ್ಲೆಯ ಗಡಿ ದಾಟಿದರೆ ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ತಮಿಳುನಾಡು ಪಿಎಂ ಶ್ರೀ ಶಾಲೆಗಳ ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಅದರ ಜೊತೆಗೆ ರಾಷ್ಟ್ರೀಯ ಶಿಕ್ಷಣ ನೀತಿಯನ್ನೂ ಒಪ್ಪಬೇಕಾಗುತ್ತೆ ಅನ್ನೋದು ಅವರ ವಾದ. 2024-25ರಲ್ಲಿ ಅವರ ಸಮಗ್ರ ಶಿಕ್ಷಣದ ಹಣ ನಿಂತಿತು. ತಮಗೆ ಬರಬೇಕಾದ್ದು 2,150 ಕೋಟಿಗೂ ಹೆಚ್ಚು ಅಂತ ರಾಜ್ಯ ಹೇಳಿತು, 2025ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಪಿಎಂ ಶ್ರೀ ಒಪ್ಪಿಕೊಂಡಿದೆ, ನಮ್ಮಲ್ಲಿ ಆ ಶಾಲೆಗಳಿವೆ. ದೇಶಕ್ಕೆಲ್ಲ ಒಂದು ಗುಣಮಟ್ಟ ಬೇಕು ಅಂದ್ರೆ ಷರತ್ತು ಬೇಕೇ ಬೇಕು ಅಂತ ಕೇಂದ್ರ ಹೇಳಬಹುದು. ಅದನ್ನ ಚರ್ಚೆ ಮಾಡೋಣ. ಆದ್ರೆ ಒಂದು ಯೋಜನೆಯ ಸಹಿಗೋಸ್ಕರ ಇನ್ನೊಂದು ಯೋಜನೆಯ ಮಕ್ಕಳ ದುಡ್ಡು ನಿಲ್ಲಿಸೋದು ನನಗೆ ಒಪ್ಪಿಗೆ ಇಲ್ಲ. ಸೆಸ್ ಕಟ್ಟುವಾಗ ತಮಿಳುನಾಡಿನವನಿಗೂ ಶೇ 4, ಕರ್ನಾಟಕದವನಿಗೂ ಶೇ 4.

ಇಷ್ಟೆಲ್ಲ ಕೇಳಿದ ಮೇಲೆ, 'ಸಾರ್, ನಾವೇನು ಮಾಡೋಕಾಗುತ್ತೆ' ಅಂತೀರಾ? ಆಗುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲೆಗೊಂದು ಸಮಿತಿ ಇರಬೇಕು ಅನ್ನುತ್ತೆ. ನಮ್ಮಲ್ಲಿ ಅದು ಎಸ್‌ಡಿಎಂಸಿ. ಅದರ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು. ಬಂದ ಅನುದಾನ ಹೇಗೆ ಖರ್ಚಾಗ್ತಿದೆ ಅಂತ ನೋಡೋದು ಆ ಸಮಿತಿಯ ಕೆಲಸ ಅಂತ ಕಾಯ್ದೆಯಲ್ಲೇ ಬರೆದಿದೆ. ಶಾಲೆಯ ಖಾತೆಗೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಎಸ್‌ಡಿಎಂಸಿ ಅಧ್ಯಕ್ಷರ ಸಹಿಯೂ ಬೇಕು. ಅಂದ್ರೆ ಕೊನೆಯ ತೂಬಿನ ನೀರುಗಂಟಿ ನಿಮ್ಮ ಊರಿನವರೇ.

ಮುಂದಿನ ಸಭೆಗೆ ಹೋಗಿ. ಮೇಷ್ಟ್ರ ಮೇಲೆ ಎಗರಾಡಬೇಡಿ, ತಡವಾದ ದುಡ್ಡಿಗೆ ಎಷ್ಟೋ ಸಲ ಸ್ವಂತ ಜೇಬಿನಿಂದ ಹಾಕಿಕೊಂಡು ಶಾಲೆ ನಡೆಸೋರು ಅವರೇ. ನಾಲ್ಕೇ ಪ್ರಶ್ನೆ ಕೇಳಿ. ಯುಡೈಸ್‌ನಲ್ಲಿ ನಮ್ಮ ಮಕ್ಕಳ ಸಂಖ್ಯೆ ಎಷ್ಟು ಅಂತ ಬರೆದಿದ್ದೀರಿ? ಈ ವರ್ಷ ನಮಗೆ ಎಷ್ಟು ಅನುದಾನ ಬರಬೇಕು? ಬಂದಿದ್ದೆಷ್ಟು, ಯಾವ ತಾರೀಖಿಗೆ ಬಂತು? ಯಾವುದಕ್ಕೆ ಖರ್ಚಾಯ್ತು? ಉತ್ತರಗಳನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ತಾರೀಖು ತಡವಾಗಿದ್ದರೆ ಆ ಪುಟದ ಪ್ರತಿ ತಗೊಂಡು ಮುಳಬಾಗಿಲಿನ ಬಿಇಒ ಕಚೇರಿಗೆ ಹೋಗಿ. ಅಲ್ಲಿ ಉತ್ತರ ಸಿಗಲಿಲ್ಲ ಅಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ನೂರು ಊರಿನವರು ಆ ಮೂರನೇ ಪ್ರಶ್ನೆಯ ತಾರೀಖನ್ನ ಬರೆಸಿಟ್ಟರೆ, ಮುಂದಿನ ಸಲ ನನ್ನ ಸ್ಟುಡಿಯೋದಲ್ಲಿ ಕೂರುವ ಆ ಇಬ್ಬರ ಮುಂದೆ ನಾನು ಇಡೋದು ಅದೇ ಪಟ್ಟಿಯನ್ನ.